ಬೊಂಡಾಸ್ ಬರೀ ಹೋಟೆಲಿನವರಿಗಾ?

ಬಂಗುಡೆ ಕೊಳ್ಳುವಾಗ ನಮ್ಮ ಕರಾವಳಿಯವರು ಮಾಡುವ ಪರೀಕ್ಷೆಯನ್ನು ನೀವು ನೋಡಿರುತ್ತೀರಿ. ಕಿವಿರು ಎತ್ತಿ ನೋಡುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ, ‘ಇದು ನಿನ್ನೆಯದ್ದಲ್ವಾ ಅಕ್ಕಾ?’ ಎಂದು ಕೇಳುತ್ತಾರೆ. ಅದೇ ಬುಟ್ಟಿಯ ಪಕ್ಕದಲ್ಲಿ ಬೊಂಡಾಸ್ ಬಿದ್ದಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಾನೊಮ್ಮೆ ಕೇಳಿದೆ. ಮೀನಿನ ಅಕ್ಕ ನಕ್ಕರು. “ಅದು ಹೋಟೆಲಿನವರಿಗೆ ಮಗಾ. ಮನೆಯಲ್ಲಿ ಮಾಡಿದ್ರೆ ರಬ್ಬರ್ ಆಗ್ತದೆ.”

ಬೊಂಡಾಸ್ ಎಂದರೆ ಸ್ಕ್ವಿಡ್. ಕೊಂಕಣಿಯವರಿಗೆ ಮಾಣಕಿ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಇಳಿಯುವ ಬೊಂಡಾಸಿನ ದೊಡ್ಡ ಪಾಲು ಐಸಿನಲ್ಲಿ ಕೂತು ನೇರ ‘ಕಂಪೆನಿ’ಗೆ, ಅಂದರೆ ರಫ್ತಿನವರಿಗೆ ಹೋಗುತ್ತದೆ. ಸ್ಪೇನ್, ಇಟಲಿಯ ಅಡುಗೆಮನೆಗಳಲ್ಲಿ ಅದು ದಿನನಿತ್ಯದ ಊಟ. ಉಳಿದದ್ದು ಬೀಚ್ ಬದಿಯ ಹೋಟೆಲುಗಳಲ್ಲಿ ಉಂಗುರ ಉಂಗುರವಾಗಿ ಕರಿದು, ಪ್ರವಾಸಿಗರ ತಟ್ಟೆ ಸೇರುತ್ತದೆ. ಹಿಡಿಯುವವರು ನಾವು, ತಿನ್ನುವವರು ಬೇರೆಯವರು. ಇದು ಬದಲಾಗಬೇಕು ಎನ್ನುವುದು ನನ್ನ ವಾದ. ರುಚಿ ಅದಕ್ಕೆ ಒಂದು ಕಾರಣ ಅಷ್ಟೆ. ದೊಡ್ಡ ಕಾರಣವನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ರಬ್ಬರಿನ ವಿಷಯ. ಅಕ್ಕ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾವು ಕೋಳಿ ಬೇಯಿಸುವ ಹಾಗೆ ಹತ್ತು ಹದಿನೈದು ನಿಮಿಷ ಬೇಯಿಸುತ್ತೇವೆ. ಬೊಂಡಾಸಿಗೆ ಅದೇ ಕೆಟ್ಟ ಹೊತ್ತು. ಬಿಸಿ ತಾಗಿದ ಎರಡು ಮೂರು ನಿಮಿಷದ ತನಕ ಅದು ಮೆತ್ತಗಿರುತ್ತದೆ. ಅದರ ಮೇಲೆ ಮಾಂಸ ಬಿಗಿದುಕೊಂಡು ನೀರು ಬಿಡುತ್ತದೆ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಟ್ಟರೆ ಒಳಗಿನ ನಾರು ಕರಗಿ ಮತ್ತೆ ಮೆತ್ತಗಾಗುತ್ತದೆ. ಒಂದೋ ಎರಡು ನಿಮಿಷ, ಇಲ್ಲ ಮುಕ್ಕಾಲು ಗಂಟೆ. ನಡುವೆ ನಿಲ್ಲಬಾರದು.

ನಮ್ಮ ಮಸಾಲೆಗೆ ಇದು ಚೆನ್ನಾಗಿ ಹೊಂದುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆ ಅರೆದು, ಈರುಳ್ಳಿಯ ಜೊತೆ ಎಣ್ಣೆ ಬಿಡುವ ತನಕ ಮಸಾಲೆಯನ್ನೇ ಮೊದಲು ಪೂರ್ತಿ ಬೇಯಿಸಿ. ನೀರು ಚೆನ್ನಾಗಿ ಬಸಿದ ಬೊಂಡಾಸಿನ ತುಂಡುಗಳನ್ನು ಕೊನೆಗೆ, ದೊಡ್ಡ ಉರಿಯಲ್ಲಿ ಹಾಕಿ. ಬಿಳಿಯಾಗಿ ಸುರುಟಿಕೊಂಡ ಕೂಡಲೇ ಕಾಯಿತುರಿ ಉದುರಿಸಿ ಇಳಿಸಿ. ನೀರುದೋಸೆಗೂ ಆಗುತ್ತದೆ, ಕುಚ್ಚಲಕ್ಕಿ ಗಂಜಿಗೂ ಆಗುತ್ತದೆ.

ಸ್ವಚ್ಛ ಮಾಡುವುದು ಬಂಗುಡೆಗಿಂತ ಸುಲಭ. ತಲೆ ಹಿಡಿದು ಎಳೆದರೆ ಹೊಟ್ಟೆಯೊಳಗಿನದೆಲ್ಲ ಜೊತೆಗೇ ಬರುತ್ತದೆ. ಮಸಿಯ ಚೀಲ ಒಡೆಯದ ಹಾಗೆ ನೋಡಿಕೊಳ್ಳಿ, ಒಡೆದರೂ ತೊಳೆದರೆ ಆಯಿತು. ಒಳಗೆ ಪ್ಲಾಸ್ಟಿಕ್ಕಿನಂಥ ಒಂದು ಕಡ್ಡಿ, ಕಾಲುಗಳ ನಡುವೆ ಗಿಳಿಯ ಕೊಕ್ಕಿನಂಥ ಬಾಯಿ. ಎರಡನ್ನೂ ತೆಗೆದು ಬಿಸಾಡಿ. ಮಾಂಸ ಬೆಳ್ಳಗಿದ್ದರೆ ತಾಜಾ. ಚರ್ಮದ ಬಣ್ಣ ಮಾಂಸಕ್ಕೆ ಇಳಿದು ಗುಲಾಬಿಯಾಗಿದ್ದರೆ, ಮೂಗಿಗೆ ಘಾಟು ಹೊಡೆದರೆ ಮುಟ್ಟಬೇಡಿ. ಆಕ್ಟೋಪಸ್ ಸಿಕ್ಕಿದರೆ ಎರಡು ನಿಮಿಷದ ಲೆಕ್ಕ ಬೇಡ, ಅದಕ್ಕೆ ಸಣ್ಣ ಉರಿಯ ದಾರಿಯೇ ಸರಿ. ಬೆಂದ ಮೇಲೆ ಅರ್ಧದಷ್ಟಾಗುತ್ತದೆ, ಗಾಬರಿಯಾಗಬೇಡಿ. ಸಿಗಡಿ, ಚಿಪ್ಪು ತಿಂದರೆ ಮೈ ತುರಿಸುವವರು, ಕೊಲೆಸ್ಟರಾಲ್ ಬಗ್ಗೆ ಡಾಕ್ಟರ್ ಎಚ್ಚರಿಕೆ ಕೊಟ್ಟವರು ಮಾತ್ರ ಜಾಗ್ರತೆ.

ಈಗ ದೊಡ್ಡ ಕಾರಣ. ಮನೆಯಲ್ಲಿ ಬೇಯಿಸುವ ಮೀನಿನ ಬಗ್ಗೆ ನಮಗೆ ಒಂದು ವಿದ್ಯೆ ಇದೆ. ಭೂತಾಯಿಗೆ ಯಾವಾಗ ಕೊಬ್ಬು ಬರುತ್ತದೆ, ಯಾವ ತಿಂಗಳ ಬಂಗುಡೆಯಲ್ಲಿ ಮೊಟ್ಟೆ ಇರುತ್ತದೆ, ಈ ವರ್ಷ ಮೀನು ಯಾಕೆ ಸಣ್ಣದಾಯಿತು, ಇದೆಲ್ಲ ನಮ್ಮ ಅಮ್ಮ, ದೊಡ್ಡಮ್ಮಂದಿರಿಗೆ ಕತ್ತಿ ಹಿಡಿದಾಗಲೇ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಅವರು ಮೀನು ಮಾರುವವರ ಹತ್ತಿರ ಹೇಳುತ್ತಾರೆ, ಜಗಳವನ್ನೂ ಮಾಡುತ್ತಾರೆ. ಬೊಂಡಾಸಿನ ಬಗ್ಗೆ ಆ ವಿದ್ಯೆ ನಮ್ಮ ಮನೆಗಳಲ್ಲಿ ಹುಟ್ಟಲೇ ಇಲ್ಲ. ಅದು ನಮ್ಮ ಈಳಿಗೆಮಣೆಗೆ ಬಂದದ್ದೇ ಕಡಿಮೆ.

ಹಾಗಾಗಿ ಕಡಲಲ್ಲಿ ನಡೆಯುವುದೂ ನಮಗೆ ತಾಗುವುದಿಲ್ಲ. ಬೊಂಡಾಸ್ ಬೆಳಕಿಗೆ ಬರುವ ಜೀವಿ. ರಾತ್ರಿ ಪ್ರಖರವಾದ ಎಲ್‌ಇಡಿ ಹಾಕಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಬೆಳಕಿನ ಮೀನುಗಾರಿಕೆಯ ವಿರುದ್ಧ ನಾಡದೋಣಿಯವರು ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಗಿ ಬಂದಿದೆ. ಕಪ್ಪೆ ಬೊಂಡಾಸ್, ಅಂದರೆ ಕಟಲ್‌ಫಿಶ್ ಕತೆ ಇನ್ನೂ ಕಷ್ಟದ್ದು. ಅದಕ್ಕೆ ಮೊಟ್ಟೆ ಅಂಟಿಸಲು ಗಟ್ಟಿಯಾದ ಆಸರೆ ಬೇಕು. ಅದನ್ನು ಬಲ್ಲವರು ತೆಂಗಿನ ಹಿಂಗಾರದ ಕಟ್ಟುಗಳನ್ನು ಭಾರ ಕಟ್ಟಿ ಕಡಲಿಗೆ ಇಳಿಸುತ್ತಾರೆ, ಮೊಟ್ಟೆ ಇಡಲು ಬಂದದ್ದನ್ನು ಗಾಳ ಹಾಕಿ ಎತ್ತುತ್ತಾರೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಬಗ್ಗೆ ಎಚ್ಚರಿಸಿದ್ದಾರೆ. ಈ ಜೀವಿಗಳ ಆಯುಸ್ಸೇ ಒಂದೆರಡು ವರ್ಷ, ಮೊಟ್ಟೆ ಇಟ್ಟ ಮೇಲೆ ಹೆಚ್ಚು ದಿನ ಬದುಕುವುದೂ ಇಲ್ಲ. ಮೊಟ್ಟೆ ಇಡುವ ಮೊದಲೇ ಎತ್ತಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ?

‘ಹಾಗಾದರೆ ನಾವೂ ತಿನ್ನಲು ಶುರು ಮಾಡಿದರೆ ಇನ್ನಷ್ಟು ಹಿಡಿಯುವುದಿಲ್ಲವಾ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ನಾವು ತಿನ್ನದೆ ಇದ್ದಷ್ಟು ದಿನವೂ ಹಿಡಿಯುವುದೇನೂ ನಿಂತಿಲ್ಲ. ನಿಂತದ್ದು ನಮ್ಮ ಪ್ರಶ್ನೆ ಮಾತ್ರ. ಸ್ಪೇನಿನ ಗಿರಾಕಿಗೆ ಮಲ್ಪೆಯ ಕಡಲು ಕಾಣುವುದಿಲ್ಲ. ಅವನಿಗೆ ಬೇಕಾದದ್ದು ಸೈಜು ಮತ್ತು ದರ. ನಮಗೆ ಹಾಗಲ್ಲ, ಮುಂದಿನ ವರ್ಷವೂ ಅದೇ ಕಡಲಿನ ಮೀನು ನಮಗೆ ಬೇಕು. ಬೆಲೆ ಜಾಸ್ತಿ ಎನ್ನುವುದೂ ನಿಜ, ರಫ್ತಿನ ದರವೇ ಇಲ್ಲಿಯ ದರವನ್ನೂ ಏರಿಸುತ್ತದೆ. ವಾರ ವಾರ ತನ್ನಿ ಎಂದು ನಾನು ಹೇಳುವುದಿಲ್ಲ. ತಿಂಗಳಿಗೊಮ್ಮೆ, ಅಂಜಲ್ ತರುವ ದಿನ ಅದರ ಬದಲಿಗೆ ತನ್ನಿ. ಜೂನ್, ಜುಲೈ ತಿಂಗಳ ಮೀನುಗಾರಿಕೆ ರಜೆಯಲ್ಲಿ ಎಲ್ಲಿಯಾದರೂ ಹೊಸ ಬೊಂಡಾಸ್ ಕಂಡರೆ, ಅದು ಎಲ್ಲಿಂದ ಬಂತು ಎಂದು ಕೇಳಿ.

ಆ ದಿನ ನಾನು ಅರ್ಧ ಕಿಲೋ ತಂದೆ. ಎರಡು ನಿಮಿಷದ ಲೆಕ್ಕ ತಪ್ಪಿ ಆರು ನಿಮಿಷವಾಯಿತು, ಸ್ವಲ್ಪ ರಬ್ಬರೂ ಆಯಿತು. ಮರುವಾರ ಅಕ್ಕನಿಗೆ ಹೇಳಿದೆ. “ನಾನು ಹೇಳಿರಲಿಲ್ವಾ?” ಎಂದರು. ಆಮೇಲೆ ಬುಟ್ಟಿಯಲ್ಲಿದ್ದ ದೊಡ್ಡದನ್ನು ಪಕ್ಕಕ್ಕೆ ಸರಿಸಿ, “ಇದು ಬೇಡ, ಇದರಲ್ಲಿ ಮೊಟ್ಟೆ ಇದ್ದ ಹಾಗಿದೆ. ಸಣ್ಣದು ಕೊಡ್ತೇನೆ” ಎಂದರು. ತೀರಾ ಸಣ್ಣದಾದರೆ ಅದೂ ಬೇಡ ಅಕ್ಕಾ, ಎಂದೆ. ಬೊಂಡಾಸಿನ ಬಗ್ಗೆ ನಮ್ಮಿಬ್ಬರ ಚೌಕಾಸಿ ಶುರುವಾದದ್ದು ಆವತ್ತು.