ಚೂರು ಬಟ್ಟೆಯಿಂದ ಹಿಡಿಬಟ್ಟೆ

ಕುಚ್ಚಲಕ್ಕಿ ಅನ್ನದ ಗಂಜಿ ಬಸಿಯುವ ಹೊತ್ತು. ಪಕ್ಕದ ಒಲೆಯಲ್ಲಿ ಮೀನು ಸಾರು ಕುದಿಯುತ್ತಿರುತ್ತದೆ, ಅಂಗಳದಲ್ಲಿ ಶಾಲೆಗೆ ಹೊರಟ ಮಕ್ಕಳ ಗಡಿಬಿಡಿ. ಆಗ ಕೈಗೆ ಸಿಗುವುದು ಹೆಗಲ ಮೇಲಿನ ದುಪಟ್ಟಾ. ಅದರ ತುದಿಯಿಂದಲೇ ಪಾತ್ರೆ ಹಿಡಿದು ಬಗ್ಗಿಸುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಒಂದು ದಿನ ದುಪಟ್ಟಾದ ಇನ್ನೊಂದು ತುದಿ ಪಕ್ಕದ ಉರಿಗೆ ತಾಗಿ ಸುರುಟಿಕೊಂಡಿತು. ಕೂಡಲೇ ಕಿತ್ತೆಸೆದೆ, ಬಚಾವಾದೆ. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಹಿಡಿಬಟ್ಟೆಗೆ ಒಂದು ಮೊಳೆ ಮೀಸಲು.

ಹಬ್ಬದ ದಿನಗಳಲ್ಲಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಯಾವ ಪೇಟೆಯ ಟೈಲರ್ ಅಂಗಡಿಗೆ ಹೋದರೂ ಮೆಷಿನ್ ಕೆಳಗೆ ಬಣ್ಣ ಬಣ್ಣದ ಚೂರುಗಳ ರಾಶಿ ಕಾಣುತ್ತದೆ. ಕೇಳಿ ತನ್ನಿ. ಆದರೆ ಹತ್ತಿಯ ಬಟ್ಟೆಯನ್ನು ಮಾತ್ರ ಆರಿಸಿ. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸಂಶಯವಿದ್ದರೆ ಒಂದೆರಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಗಟ್ಟಿ ಮಣಿಯಾಗುತ್ತದೆ.

ಹೊಲಿಯುವ ವಿಧಾನಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಪುಟ್ಟ ತ್ರಿಕೋನದ 'ಹೂ' ಇಡದಿದ್ದರೆ ಅವರಿಗೆ ಕೌದಿ ಪೂರ್ತಿಯಾಗುವುದಿಲ್ಲ. ಅದೇ ಕ್ರಮದಲ್ಲಿ ನಮ್ಮ ಹಿಡಿಬಟ್ಟೆಯನ್ನೂ ಹೊಲಿಯಬಹುದು. ಮೆಷಿನ್ ಬೇಡ, ಸೂಜಿ ಮತ್ತು ಹತ್ತಿ ನೂಲು ಸಾಕು.

ಬೇಕಾಗುವ ವಸ್ತುಗಳು: 9 ಇಂಚು ಚೌಕದ ಗಟ್ಟಿ ಹತ್ತಿ ಬಟ್ಟೆ ಒಂದು, 8 ಇಂಚು ಚೌಕದ ಹಳೆಯ ಟವೆಲ್ ತುಂಡು ಎರಡು, 2-3 ಇಂಚಿನ ಚೂರುಗಳು. ಹೊಸ ಬಟ್ಟೆಯಾದರೆ ಮೊದಲೇ ಒಗೆದು ಒಣಗಿಸಿ, ಮತ್ತೆ ಕುಗ್ಗದು.

ವಿಧಾನ:

1. ಬಟ್ಟೆಯ ನಡುವೆ ಎರಡೂ ಟವೆಲ್ ತುಂಡುಗಳನ್ನು ಒಂದರ ಮೇಲೊಂದು ಇಡಿ. ಸುತ್ತಲಿನ ಅರ್ಧ ಇಂಚನ್ನು ಟವೆಲ್ ಮೇಲೆ ಮಡಚಿ, ದೊಡ್ಡ ಹೊಲಿಗೆ ಹಾಕಿ ನಿಲ್ಲಿಸಿ.

2. ಮೊದಲ ಚೂರಿನ ಹೊರಬದಿಯನ್ನು ಒಳಕ್ಕೆ ಮಡಚಿ, ಅಂಚಿಗೆ ಸರಿಯಾಗಿ ಇಟ್ಟು ಎಳೆಹೊಲಿಗೆ ಹಾಕಿ. ಸೂಜಿ ಎಲ್ಲ ಪದರಗಳನ್ನೂ ದಾಟಬೇಕು.

3. ಮುಂದಿನ ಚೂರು ಹಿಂದಿನದರ ಮೇಲೆ ಸ್ವಲ್ಪ ಹತ್ತಿ ಕೂರಲಿ. ಮೇಲೆ ಕಾಣುವ ಬದಿಯನ್ನು ಮಡಚಿ. ಹೀಗೆ ಸುತ್ತುತ್ತಾ, ಅರ್ಧ ಇಂಚಿಗೊಂದು ಸಾಲು ಹೊಲಿಗೆಯಂತೆ ನಡುವಿಗೆ ಬನ್ನಿ.

4. ಕೊನೆಯ ಚೂರನ್ನು ನಾಲ್ಕೂ ಬದಿ ಮಡಚಿ ಹೊಲಿಯಿರಿ. ಮೂರು ಮೂಲೆಗಳಿಗೆ ಹೂ, ನಾಲ್ಕನೆಯದಕ್ಕೆ ತೂಗುಹಾಕಲು ಬಟ್ಟೆಯ ಕುಣಿಕೆ.

ಎರಡು ಕೈಗೆ ಎರಡು ಬೇಕು. ಒಳಗೆ ಸ್ಪಂಜು ತುಂಬಬೇಡಿ. ಮಡಚಲು ಬಾರದಷ್ಟು ದಪ್ಪವಾದರೆ ಪಾತ್ರೆ ಜಾರುತ್ತದೆ. ಮೊದಲು ಖಾಲಿ ಪಾತ್ರೆ ಎತ್ತಿ ಕೈಗೆ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಕೈ ಸುಡದಂತೆ ಕಾಯುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಪದರಗಳ ನಡುವೆ ನಿಂತ ಗಾಳಿ. ಬಟ್ಟೆ ಒದ್ದೆಯಾದರೆ ಆ ಜಾಗವನ್ನು ನೀರು ತುಂಬುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಆದ್ದರಿಂದ ಒದ್ದೆ ಹಿಡಿಬಟ್ಟೆಯಿಂದ ಬಿಸಿ ಪಾತ್ರೆಯನ್ನು ಎಂದೂ ಮುಟ್ಟಬೇಡಿ. ನಮ್ಮ ಮಳೆಗಾಲದಲ್ಲಿ ಒಗೆದದ್ದು ಬೇಗ ಒಣಗದು. ಹಾಗಾಗಿ ಎರಡು ಜೊತೆ ಹೊಲಿದಿಡುವುದು ಒಳ್ಳೆಯದು.

ಎಚ್ಚರ ತಪ್ಪಿ ಕೈ ಸುಟ್ಟರೆ ಬಳೆ, ಉಂಗುರ ತೆಗೆದು, 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಐಸ್ ಬೇಡ. ಸುಟ್ಟ ಗಾಯ ದೊಡ್ಡದಿದ್ದರೆ ವೈದ್ಯರ ಬಳಿ ಹೋಗಿ.

ಮಗಳ ಹಳೆಯ ಫ್ರಾಕು, ಮಗನ ಅಂಗಿ, ಅಮ್ಮನ ಸೀರೆಯ ತುಂಡು ಒಂದೇ ಹಿಡಿಬಟ್ಟೆಯಲ್ಲಿ ಸೇರುವುದನ್ನು ನೋಡುವುದೇ ಚೆಂದ. ಹೊಲಿದು ಮುಗಿಸಿದ ಮೇಲೆ ಒಲೆಯ ಪಕ್ಕ, ಕೈಗೆ ಎಟಕುವಲ್ಲಿ ತೂಗುಹಾಕಿ. ಒಲೆಯ ಮೇಲ್ಗಡೆ ಮಾತ್ರ ಬೇಡ.