ಸ್ಪ್ಯಾನಿಷ್ ಕಲಿಯುವ ಕನ್ನಡಿಗನ ಪ್ರಶ್ನೆಗಳು

ಸ್ಪ್ಯಾನಿಷ್ ಭಾಷೆಯನ್ನು ಕಲಿಯಹೊರಟವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ‘ಇರು’ ಎಂಬ ಅರ್ಥಕ್ಕೆ ಎರಡು ಧಾತುಗಳೇಕೆ? ಪುಸ್ತಕ ಮೆಚ್ಚಿಗೆಯಾಯಿತೆನ್ನುವಾಗ ಪುಸ್ತಕವೇ ಕರ್ತೃವಾಗುವುದೇಕೆ? ಮನುಷ್ಯರ ಹೆಸರಿನ ಹಿಂದೆ ‘ಆ’ ಎಂದು ಸೇರಿಸುವುದೇಕೆ? ಇವುಗಳಲ್ಲಿ ಹಲವನ್ನು ಹುಟ್ಟಿಸಿದುದು ಇಂಗ್ಲಿಷ್ ಎಂಬುದು ನನ್ನ ಅಭಿಪ್ರಾಯ. ಅದರ ಮೂಲಕ ಕಲಿಯುವ ನಾವು ಅದರ ತೊಡಕುಗಳನ್ನೂ ಕಡ ತರುತ್ತೇವೆ.

‘ಮೆ ಗುಸ್ತ ಎಲ್ ಲಿಬ್ರೊ’ ಎಂಬ ವಾಕ್ಯವನ್ನು ನೋಡಿರಿ. ಇಂಗ್ಲಿಷ್ ಬಲ್ಲವನಿಗೆ ಇದು ತಲೆಕೆಳಗಾದ ವಾಕ್ಯ. ಕನ್ನಡಿಗನಿಗೆ ‘ನನಗೆ ಪುಸ್ತಕ ಹಿಡಿಸುತ್ತದೆ’ ಎಂಬ ಮನೆಯ ಮಾತು. ಪುಸ್ತಕಗಳು ಹಲವಾದರೆ ನಾವು ‘ಹಿಡಿಸುತ್ತವೆ’ ಎನ್ನುವಂತೆ ಅವರು ‘ಗುಸ್ತಾನ್’ ಎನ್ನುತ್ತಾರೆ. ‘ನನಗೆ ತಲೆ ನೋಯುತ್ತದೆ’ ಎಂಬುದಕ್ಕೂ ಇದೇ ಕಟ್ಟು. ಇನ್ನು ಆ ‘ಆ’ಕಾರ: ‘ಮನೆ ನೋಡಿದೆ’ ಎಂದರೆ ನಮ್ಮಲ್ಲಿ ಸಲ್ಲುತ್ತದೆ, ‘ಹುಡುಗ ನೋಡಿದೆ’ ಎಂದರೆ ಸಲ್ಲದು, ‘ಹುಡುಗನನ್ನು’ ಎನ್ನಲೇಬೇಕು. ಕರ್ಮವು ಮನುಷ್ಯನಾದಾಗ ಗುರುತು ಬೇಕೆಂಬುದೇ ಅವರ ನಿಯಮವೂ ಆಗಿದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಸೆರ್’ ಮತ್ತು ‘ಎಸ್ತಾರ್’ಗಳ ಭೇದ. ಶಾಶ್ವತವಾದುದಕ್ಕೆ ಮೊದಲನೆಯದು, ತಾತ್ಕಾಲಿಕವಾದುದಕ್ಕೆ ಎರಡನೆಯದು ಎಂದು ಹೇಳಿಕೊಡುವುದುಂಟು. ಆದರೆ ಸತ್ತವನ ವಿಷಯದಲ್ಲಿ ಬಳಸುವುದು ‘ಎಸ್ತಾರ್’! ಸಾವಿಗಿಂತ ಶಾಶ್ವತವಾದುದು ಯಾವುದು? ನಾವೂ ‘ಸತ್ತಿದ್ದಾನೆ’, ‘ಕುಳಿತಿದ್ದಾನೆ’, ‘ಬಾಗಿಲು ತೆರೆದಿದೆ’ ಎಂದು ‘ಇರು’ ಧಾತುವನ್ನೇ ಹಚ್ಚುತ್ತೇವೆ. ನಡೆದುಹೋದ ಕ್ರಿಯೆಯಿಂದ ಉಂಟಾದ ಸ್ಥಿತಿಯನ್ನು ಅದು ಹೇಳುತ್ತದೆ. ‘ಅವನು ವೈದ್ಯ’ ಎಂಬಲ್ಲಿ ನಮಗೆ ಕ್ರಿಯಾಪದವೇ ಬೇಡ; ಅಲ್ಲಿ ಅವರಿಗೆ ‘ಸೆರ್’. ಸೇಬಿಗೆ ‘ಎಸ್ ವೆರ್ದೆ’ ಎಂದರೆ ಅದರ ಬಣ್ಣ ಹಸಿರು. ‘ಎಸ್ತಾ ವೆರ್ದೆ’ ಎಂದರೆ ಅದು ಇನ್ನೂ ಕಾಯಿ.

ಕನ್ನಡವೇ ಎಲ್ಲಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ‘ಸಭೆ ಗ್ರಂಥಾಲಯದಲ್ಲಿದೆ’ ಎಂಬಲ್ಲಿ ನಮ್ಮ ‘ಇರು’ವನ್ನು ನಂಬಿದರೆ ತಪ್ಪುತ್ತೇವೆ, ಅಲ್ಲಿ ‘ಸೆರ್’ ಬರಬೇಕು. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬುದನ್ನು ಬಾಯಿಪಾಠವೇ ಮಾಡಬೇಕು.

ಕಲಿಯುವ ಪುಸ್ತಕಗಳು ಇಂಗ್ಲಿಷಿನಲ್ಲಿರುವಾಗ ಬೇರೆ ದಾರಿ ಎಲ್ಲಿ ಎಂದು ಕೆಲವರು ಕೇಳಬಹುದು. ಪುಸ್ತಕ ಯಾವ ಭಾಷೆಯಲ್ಲಾದರೂ ಇರಲಿ, ಅದರ ವಾಕ್ಯವನ್ನು ಕನ್ನಡದಲ್ಲಿ ಹೇಳಿನೋಡಲು ಯಾರ ಅಡ್ಡಿಯೂ ಇಲ್ಲ. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು, ಇಂಗ್ಲಿಷ್ ತಡವರಿಸುವವನಿಗೆ ಉಳಿದ ಭಾಷೆಗಳ ಬಾಗಿಲೂ ಮುಚ್ಚಿತೆಂದು ನಂಬಿಬಿಡುತ್ತೇವೆ. ಅಕ್ಷರ ಕಾಣದ ತಾಯಿಯಿಂದ ಕಲಿತ ಮಾತಿನಲ್ಲಿಯೇ ಆ ವ್ಯಾಕರಣದ ಅರ್ಧ ಪಾಠವಿದೆಯೆಂದು ನಮಗೆ ಯಾರೂ ಹೇಳುವುದಿಲ್ಲ.

ಲ್ಯಾಟಿನ್ನಿಗೆ ಮಾತ್ರ ವ್ಯಾಕರಣದ ಗೌರವವಿದ್ದ ಕಾಲದಲ್ಲಿ, ೧೪೯೨ರಲ್ಲಿ, ನೆಬ್ರಿಹ ಎಂಬ ವಿದ್ವಾಂಸನು ಜನರಾಡುವ ಕ್ಯಾಸ್ಟೀಲಿಯನ್ ಭಾಷೆಗೆ ವ್ಯಾಕರಣ ಬರೆದನು. ಅದರ ಐದನೆಯ ಭಾಗವು ಪರಭಾಷಿಕರಿಗಾಗಿಯೇ ಮೀಸಲು. ಅದಕ್ಕೂ ಮುನ್ನ ಹದಿಮೂರನೆಯ ಶತಮಾನದಲ್ಲಿಯೇ ನಮ್ಮಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ ಹುಟ್ಟಿತ್ತು. ಇಂಥ ಎರಡು ಭಾಷೆಗಳು ನೇರವಾಗಿ ಮಾತನಾಡಿಕೊಳ್ಳಲು ಮೂರನೆಯವರ ಅಪ್ಪಣೆ ಬೇಕಿಲ್ಲ. ಪರಭಾಷೆ ಕಲಿಯುವ ಸಹಪಾಠಿಗಳು ತಮ್ಮ ಸಂದೇಹವನ್ನು ಮೊದಲು ಕನ್ನಡಕ್ಕೆ ಒಡ್ಡಲಿ. ಅಧ್ಯಾಪಕರು ಅದಕ್ಕೆ ತರಗತಿಯಲ್ಲಿ ಎಡೆ ಕೊಡಲಿ.