ಚಿಕಿತ್ಸೆಯಲ್ಲಿ ಲೋಪವಾದರೆ ಹೊಣೆ ಯಾರದು? ಬಾಗಲಕೋಟೆ ಜಿಲ್ಲೆಯ ರೋಗಿಗಳು, ವೈದ್ಯರು ಮತ್ತು ದತ್ತಿ ಸಂಸ್ಥೆಗಳು ತಿಳಿದಿರಬೇಕಾದ ಕಾನೂನು

2024ರ ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಗರ್ಭಪಾತದ ನಂತರ ಮಹಾರಾಷ್ಟ್ರದ ಮಹಿಳೆಯೊಬ್ಬರು ಮೃತಪಟ್ಟರು. ಗರ್ಭಪಾತ ಮಾಡಿದ ಆರೋಪ ಬಂದದ್ದು ವೈದ್ಯರ ಮೇಲಲ್ಲ, ವೈದ್ಯಕೀಯ ಪದವಿಯೇ ಇಲ್ಲದ ವ್ಯಕ್ತಿಯ ಮೇಲೆ. ಅದೇ ವರ್ಷದ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸುನೀಗಿದರು. ಸಂಶಯ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು.

ಎರಡೂ ಘಟನೆಗಳ ನಂತರ ಜನರ ಬಾಯಲ್ಲಿ ಕೇಳಿಬಂದ ಮಾತು ಒಂದೇ: ವೈದ್ಯಕೀಯ ನಿರ್ಲಕ್ಷ್ಯ. ಆದರೆ ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ಮೊದಲನೆಯದು ಪರವಾನಗಿಯಿಲ್ಲದ ಕೃತ್ಯ, ನೇರ ಅಪರಾಧ. ಎರಡನೆಯದರಲ್ಲಿ ಕತ್ತರಿ ಹಿಡಿದ ವೈದ್ಯರ ತಪ್ಪು ಇಲ್ಲದೆಯೂ ಔಷಧ ಪೂರೈಸಿದವರು ಮತ್ತು ಪರೀಕ್ಷಿಸಬೇಕಾದವರು ಹೊಣೆಗಾರರಾಗಬಹುದು. ಇವೆರಡರ ನಡುವೆ ಬಾದಾಮಿ, ಹುನಗುಂದ, ಇಳಕಲ್ಲಿನ ನರ್ಸಿಂಗ್ ಹೋಮುಗಳಲ್ಲಿ ಪ್ರತಿದಿನ ಎದುರಾಗುವ ಸಾಮಾನ್ಯ ಪ್ರಶ್ನೆಗಳಿವೆ. ಯಾವ ದೂರು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಅವಧಿ ಮೀರಿಸಿಕೊಳ್ಳುತ್ತವೆ.

ನಿರ್ಲಕ್ಷ್ಯ ಎಂದರೆ ಯಾವುದು?

ರೋಗಿ ಗುಣವಾಗಲಿಲ್ಲ ಎಂಬುದಷ್ಟೇ ನಿರ್ಲಕ್ಷ್ಯವಲ್ಲ. ನಾಲ್ಕು ಸಂಗತಿಗಳು ಸಾಬೀತಾಗಬೇಕು: ವೈದ್ಯರಿಗೆ ಆ ರೋಗಿಯ ಬಗ್ಗೆ ಕರ್ತವ್ಯವಿತ್ತು, ಆ ಕರ್ತವ್ಯದಲ್ಲಿ ಅವರು ತಪ್ಪಿದರು, ಆ ತಪ್ಪಿನಿಂದಲೇ ಹಾನಿಯಾಯಿತು, ಹಾನಿ ನಿಜವಾಗಿ ಆಗಿದೆ. ಅದೇ ವಿದ್ಯೆಯ ಸಾಧಾರಣ ನಿಪುಣನೊಬ್ಬ ಅದೇ ಸ್ಥಿತಿಯಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದ ಎಂಬುದೇ ಅಳತೆಗೋಲು. ಇಂಗ್ಲೆಂಡಿನ 1957ರ ಬೋಲಂ ತೀರ್ಪಿನಿಂದ ಬಂದ ಈ ಅಳತೆಯನ್ನು ಭಾರತದ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿದೆ. ಎರಡು ಮಾನ್ಯ ಚಿಕಿತ್ಸಾ ಕ್ರಮಗಳಲ್ಲಿ ಒಂದನ್ನು ಆರಿಸಿದ ವೈದ್ಯರನ್ನು, ಇನ್ನೊಂದು ಆರಿಸಬೇಕಿತ್ತು ಎಂದು ಶಿಕ್ಷಿಸಲಾಗದು.

ಆದರೆ ಕೆಲವು ತಪ್ಪುಗಳಿಗೆ ಈ ರಕ್ಷಣೆ ಇಲ್ಲ. 1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೋಮಿಯೋಪಥಿ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟಿದ್ದರು. ರೋಗಿ ತೀರಿಕೊಂಡರು. ತಾನು ಕಲಿಯದ, ನೋಂದಣಿ ಇಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಊರಿಗೊಬ್ಬ 'ಡಾಕ್ಟರ್' ಇಂಜೆಕ್ಷನ್ ಚುಚ್ಚುವ ಹಳ್ಳಿಗಳಿಗೆ ಈ ತೀರ್ಪು ಇಂದಿಗೂ ಎಚ್ಚರಿಕೆ.

ಒಪ್ಪಿಗೆಯೂ ಮುಖ್ಯ. 2008ರ ಸಮೀರಾ ಕೊಹ್ಲಿ ತೀರ್ಪಿನ ಪ್ರಕಾರ, ಒಂದು ಪರೀಕ್ಷೆಗೆ ಪಡೆದ ಸಹಿಯ ಮೇಲೆ ಬೇರೊಂದು ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಜೀವ ಉಳಿಸುವ ತುರ್ತು ಇದ್ದಾಗ ಮಾತ್ರ ವಿನಾಯಿತಿ. ಖಾಲಿ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆಯಲ್ಲ. ಕನ್ನಡ ಬಲ್ಲ ರೋಗಿಗೆ ಕನ್ನಡದಲ್ಲೇ ವಿವರಿಸಿದರೆ ವೈದ್ಯರಿಗೂ ಕ್ಷೇಮ.

ಪೊಲೀಸ್ ಠಾಣೆಯೇ ಮೊದಲ ಬಾಗಿಲಲ್ಲ

ಸಾವು ಸಂಭವಿಸಿದೊಡನೆ ಠಾಣೆಗೆ ಓಡುವುದು ನಮ್ಮಲ್ಲಿ ರೂಢಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಸೆರೆವಾಸ. ನೋಂದಾಯಿತ ವೈದ್ಯರು ಚಿಕಿತ್ಸೆಯ ವೇಳೆ ಹಾಗೆ ನಡೆದುಕೊಂಡಿದ್ದರೆ ಗರಿಷ್ಠ ಎರಡು ವರ್ಷ. ನೋಂದಣಿಯೇ ಇಲ್ಲದವರಿಗೆ ಈ ರಿಯಾಯಿತಿ ಸಿಗದು.

ಕ್ರಿಮಿನಲ್ ಪ್ರಕರಣ ನಿಲ್ಲಲು ಸಾಧಾರಣ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಬೇಕು. ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರಾಟಕ್ಕೆ ಒದ್ದಾಡುತ್ತಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು, ರೋಗಿ ಮೃತಪಟ್ಟರು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ರದ್ದುಮಾಡಿತು. ಸಿಲಿಂಡರ್ ಖಾಲಿ ಇದ್ದದ್ದಕ್ಕೆ ಆಸ್ಪತ್ರೆಯ ಸಿವಿಲ್ ಹೊಣೆಯ ಪ್ರಶ್ನೆ ಬೇರೆ ಎಂದಿತು. ತನಿಖಾಧಿಕಾರಿ ಮೊದಲು ಮತ್ತೊಬ್ಬ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕು. ಆರೋಪ ಬಂದ ಮಾತ್ರಕ್ಕೆ ಬಂಧಿಸಬಾರದು ಎಂಬ ನಿಯಮ ಬಂದದ್ದೂ ಇಲ್ಲಿಂದಲೇ.

ಸಿಟ್ಟಿನಲ್ಲಿ ಆಸ್ಪತ್ರೆಯ ಗಾಜು ಒಡೆದರೆ ಪ್ರಕರಣವೇ ತಿರುಗುಮುರುಗಾಗುತ್ತದೆ. ಕರ್ನಾಟಕದ 2009ರ ಕಾಯ್ದೆಯಡಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ಜಾಮೀನುರಹಿತ ಅಪರಾಧ. ಪರಿಹಾರ ಕೇಳಬೇಕಾದವರೇ ಆರೋಪಿಗಳಾಗುತ್ತಾರೆ.

ಗ್ರಾಹಕ ಆಯೋಗ: ಹತ್ತಿರದ ದಾರಿ

ಪರಿಹಾರಕ್ಕೆ ಹೆಚ್ಚು ಅನುಕೂಲದ ದಾರಿ ಜಿಲ್ಲಾ ಗ್ರಾಹಕ ಆಯೋಗ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳಿತು. 2019ರ ಹೊಸ ಕಾಯ್ದೆ ವೈದ್ಯರನ್ನು ಹೊರಗಿಟ್ಟಿದೆ ಎಂಬ ವಾದವನ್ನು 2022ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2024ರ ಮೇ ತಿಂಗಳಲ್ಲಿ ವಕೀಲರ ಪ್ರಕರಣವೊಂದರಲ್ಲಿ ಈ ತೀರ್ಪನ್ನು ಮರುಪರಿಶೀಲಿಸಬೇಕು ಎಂಬ ಮಾತು ಬಂದು ವೈದ್ಯರಲ್ಲಿ ಆಸೆ ಮೂಡಿತ್ತು. ಅದೇ ವರ್ಷದ ಕೊನೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದರ ಅಗತ್ಯವಿಲ್ಲ ಎಂದಿತು.

ಕಟ್ಟಿದ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ. ಆ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಾದಾಮಿಯವರು ಹುಬ್ಬಳ್ಳಿಯಲ್ಲೋ ಸೊಲ್ಲಾಪುರದಲ್ಲೋ ಚಿಕಿತ್ಸೆ ಪಡೆದಿದ್ದರೂ ಬಾಗಲಕೋಟೆಯ ಆಯೋಗ ಸಾಕು. ಆದರೆ ಘಟನೆಯಿಂದ ಎರಡು ವರ್ಷದೊಳಗೆ ಕೊಡಬೇಕು.

ಬಿಲ್ ಕಟ್ಟಿದವರು ರೋಗಿಯೇ ಆಗಿರಬೇಕಿಲ್ಲ. ವಿಮಾ ಕಂಪನಿ ಅಥವಾ ಮಾಲೀಕರು ಕಟ್ಟಿದ್ದರೂ ಅದು ಉಚಿತ ಸೇವೆಯಲ್ಲ. ಸಂಬಳದಿಂದ ಇಎಸ್‌ಐ ವಂತಿಗೆ ಕಡಿತವಾಗುವ ಕಾರ್ಮಿಕರೂ ಗ್ರಾಹಕರೇ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಇಳಕಲ್ಲಿನ ಗ್ರಾನೈಟ್ ಘಟಕಗಳಲ್ಲಿ ದುಡಿಯುವವರು ಇದನ್ನು ನೆನಪಿಡಬೇಕು.

ಸರ್ಕಾರಿ ಆಸ್ಪತ್ರೆಯ ಬಡ ರೋಗಿಗೆ?

ಕಾನೂನಿನ ದೊಡ್ಡ ಕಂದಕ ಇರುವುದು ಇಲ್ಲೇ. ಎಲ್ಲರಿಗೂ ಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗಿದೆ. ಹೆಸರಿಗಷ್ಟೇ ಪಡೆಯುವ ನೋಂದಣಿ ಚೀಟಿಯ ಹಣದಿಂದ ಸ್ಥಿತಿ ಬದಲಾಗದು. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತ ಕೊಡುವ ಆಸ್ಪತ್ರೆಯಲ್ಲಾದರೆ ಆ ಬಡವರೂ ಗ್ರಾಹಕರೇ.

ಸರ್ಕಾರಿ ಆಸ್ಪತ್ರೆಯ ರೋಗಿಗೆ ಉಳಿಯುವುದು ಸಿವಿಲ್ ದಾವೆ ಮತ್ತು ಹೈಕೋರ್ಟಿನ ರಿಟ್. ಬಾಗಲಕೋಟೆ ಜಿಲ್ಲೆಗೆ ಧಾರವಾಡ ಪೀಠ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಮಹಿಳೆಯೊಬ್ಬರ ಹೊಟ್ಟೆಯೊಳಗೆ ಬಟ್ಟೆ ಉಳಿದು ಅವರು ಮೃತಪಟ್ಟಿದ್ದರು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಹಕ್ಕು ಸಿಕ್ಕಿತು, ಆದರೆ 33 ವರ್ಷ ಹಿಡಿಯಿತು. ಬಳ್ಳಾರಿಯಂಥ ದುರಂತಗಳಲ್ಲಿ ಸರ್ಕಾರ ಘೋಷಿಸುವ ಪರಿಹಾರವೇ ಬಹುತೇಕ ಕುಟುಂಬಗಳಿಗೆ ಕೊನೆಯ ಮಾತಾಗುವುದಕ್ಕೆ ಕಾರಣ ಈ ವಿಳಂಬ.

ದಾನದ ಚಿಕಿತ್ಸೆಗೂ ಹೊಣೆ ಉಂಟು

ಔಷಧದಾನ ಜೈನ ಸಮಾಜದ ನಾಲ್ಕು ದಾನಗಳಲ್ಲಿ ಒಂದು. ಉಚಿತ ಆರೋಗ್ಯ ಶಿಬಿರ, ಕಣ್ಣಿನ ಶಿಬಿರ ನಡೆಸುವ ಟ್ರಸ್ಟುಗಳು 'ನಾವು ಹಣ ಪಡೆದಿಲ್ಲ' ಎಂದು ನಿಶ್ಚಿಂತರಾಗಿ ಇರುವುದುಂಟು. ಅದು ಅರ್ಧ ಸತ್ಯ. ಗ್ರಾಹಕ ಆಯೋಗ ತಪ್ಪಬಹುದು. ಸಿವಿಲ್ ಮತ್ತು ಕ್ರಿಮಿನಲ್ ಹೊಣೆ ತಪ್ಪದು.

1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ಸೇವಾ ಸಂಸ್ಥೆಯೊಂದು ಸದುದ್ದೇಶದಿಂದಲೇ ಉಚಿತ ಕಣ್ಣಿನ ಶಿಬಿರ ನಡೆಸಿತು. ಪೊರೆ ತೆಗೆಸಿಕೊಂಡ 84 ಮಂದಿಯ ಕಣ್ಣು ಶಾಶ್ವತವಾಗಿ ಹೋಯಿತು. ಕಣ್ಣು ತೊಳೆಯಲು ಬಳಸಿದ ಸಲೈನ್ ಸೋಂಕಿನ ಮೂಲವೆಂದು ಶಂಕಿಸಲಾಯಿತು. ಬಳ್ಳಾರಿಗೂ ಖುರ್ಜಾಕ್ಕೂ ನಡುವೆ 38 ವರ್ಷ, ಆದರೆ ಸಂಶಯ ಎರಡೂ ಕಡೆ ಬಾಟಲಿಯ ಮೇಲೇ. ಆದ್ದರಿಂದ ಶಿಬಿರ ನಡೆಸುವವರು ವೈದ್ಯರ ನೋಂದಣಿ, ಸ್ಥಳದ ಶುಚಿತ್ವ, ಔಷಧದ ಬ್ಯಾಚ್ ಸಂಖ್ಯೆ, ನಂತರದ ತಪಾಸಣೆ ಇವನ್ನು ಬರೆದಿಟ್ಟುಕೊಳ್ಳಬೇಕು. ಪ್ರಮಾದವೇ ಹಿಂಸೆಯ ಮೂಲ ಎಂದು ತತ್ತ್ವಾರ್ಥಸೂತ್ರ ಬಲ್ಲವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಾನೂನು ನಿರ್ಲಕ್ಷ್ಯ ಎನ್ನುವುದು ಅದಕ್ಕೆ ಬಹಳ ದೂರದ್ದಲ್ಲ.

ಕುಟುಂಬ ಏನು ಮಾಡಬೇಕು?

ದಾಖಲೆ ಮೊದಲು. ಅರ್ಜಿ ಕೊಟ್ಟ 72 ಗಂಟೆಯೊಳಗೆ ರೋಗಿಯ ದಾಖಲೆ ಕೊಡಬೇಕೆಂಬುದು 2002ರ ವೈದ್ಯಕೀಯ ನಡತೆ ನಿಯಮ. ಬಿಲ್, ಡಿಸ್ಚಾರ್ಜ್ ಕಾರ್ಡು, ಸ್ಕ್ಯಾನ್, ಔಷಧ ಚೀಟಿ ಎಲ್ಲವನ್ನೂ ಕಾಪಾಡಬೇಕು.

ಎರಡನೆಯದು ಮರಣೋತ್ತರ ಪರೀಕ್ಷೆ. ದೇಹ ಕೊಯ್ಯಿಸಬಾರದು, ಸಂಸ್ಕಾರ ಬೇಗ ಮುಗಿಯಬೇಕು ಎಂಬ ಭಾವನೆ ಸಹಜ. ಆದರೆ ಸಾವಿನ ಕಾರಣ ದಾಖಲಾಗದೆ ಚಿತೆ ಉರಿದರೆ, ತಪ್ಪಿಗೂ ಸಾವಿಗೂ ಸಂಬಂಧ ತೋರಿಸುವುದು ಬಹಳ ಕಷ್ಟ. ಅನುಮಾನವಿದ್ದರೆ ಅದೇ ದಿನ ತೀರ್ಮಾನಿಸಬೇಕು.

ಮೂರನೆಯದು ಸರಿಯಾದ ಕಚೇರಿ. ಪರಿಹಾರಕ್ಕೆ ಗ್ರಾಹಕ ಆಯೋಗ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಅದು ಪರಿಹಾರ ಕೊಡಿಸುವುದಿಲ್ಲ. ಆಸ್ಪತ್ರೆಯ ಪರವಾನಗಿ, ದರಪಟ್ಟಿಯ ಬಗ್ಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ. 2017ರ ನವೆಂಬರಿನಲ್ಲಿ ಈ ಕಾಯ್ದೆಯ ತಿದ್ದುಪಡಿ ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು, ಆ ದಿನಗಳಲ್ಲಿ ರೋಗಿಗಳು ಪರದಾಡಿದ್ದು ಹಲವರಿಗೆ ನೆನಪಿರಬಹುದು.

ವೈದ್ಯರ ಅಳಲಿನಲ್ಲೂ ಹುರುಳಿದೆ. ಮೊಕದ್ದಮೆಯ ಭಯ ಹೆಚ್ಚಿದಷ್ಟೂ ತಾಲೂಕಿನ ಸಣ್ಣ ಆಸ್ಪತ್ರೆಗಳು ಕಷ್ಟದ ಹೆರಿಗೆಯನ್ನು ಮುಟ್ಟದೆ ಬಾಗಲಕೋಟೆಗೋ ಹುಬ್ಬಳ್ಳಿಗೋ ಕಳಿಸಿಬಿಡುತ್ತವೆ. ದಾರಿಯಲ್ಲಿ ಕಳೆಯುವ ಆ ಒಂದೆರಡು ಗಂಟೆಗೆ ಯಾವ ಆಯೋಗವೂ ಪರಿಹಾರ ಕೊಡದು. ಆದರೆ ತುರ್ತು ರೋಗಿಗೆ ಪ್ರಥಮ ಚಿಕಿತ್ಸೆ ಕೊಡದೆ ಕಳಿಸುವಂತಿಲ್ಲ ಎಂದು 1989ರ ಪರಮಾನಂದ ಕಟಾರಾ ತೀರ್ಪು ಸ್ಪಷ್ಟವಾಗಿ ಹೇಳಿದೆ. ಪ್ರಾಮಾಣಿಕವಾಗಿ ಯತ್ನಿಸಿ, ಯತ್ನಿಸಿದ್ದನ್ನು ಬರೆದಿಟ್ಟ ವೈದ್ಯರನ್ನು ಕಾನೂನು ಕಾಯುತ್ತದೆ. ರೋಗಿಯ ಬಂಧುಗಳಿಗೆ ನಡೆದದ್ದನ್ನು ಮರೆಮಾಚದೆ, ಅರ್ಥವಾಗುವಂತೆ ಹೇಳಿದರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.